ಕಕ್ಕಬ್ಬೆಯಲ್ಲಿ ಜೀರುಂಡೆ ಇರಲಿಲ್ಲ

ಕೊಡಗಿನ ಕಕ್ಕಬ್ಬೆಯ ಹೋಂಸ್ಟೇ ಅಂಗಳದಲ್ಲಿ ಬೈಕ್ ನಿಲ್ಲಿಸಿ ಹೆಲ್ಮೆಟ್ ತೆಗೆದಾಗ ಸಂಜೆ ನಾಲ್ಕು ಗಂಟೆ. ಎದುರಿಗೆ ತಡಿಯಂಡಮೋಳ್ ಬೆಟ್ಟ. ಕಣದ ತುಂಬ ಒಣಗಲು ಹರಡಿದ ಕಾಫಿ ಹಣ್ಣು, ಅದರ ಹುಳಿ ವಾಸನೆ. "ಏನ್ ಅಂಕಲ್, ಜೀರುಂಡೆ ಇಷ್ಟೊಂದು ಕೂಗ್ತಿದೆ" ಅಂದೆ. ಮನೆ ಯಜಮಾನರು ತಲೆ ತಿರುಗಿಸಿ ಬಲಗಿವಿ ನನ್ನ ಕಡೆ ಚಾಚಿದರು. ಇನ್ನೊಂದು ಸಲ ಜೋರಾಗಿ ಹೇಳಿದೆ. "ಜನವರಿಯಲ್ಲಿ ಎಲ್ಲಿಯ ಜೀರುಂಡೆ ಮಾರಾಯ? ಅದು ನಿನ್ನ ಕಿವಿ ಒಳಗೆ ಕೂತಿದೆ" ಅಂತ ನಕ್ಕರು.

ಹೌದು, ಒಳಗೇ ಇತ್ತು. ಸಣ್ಣಗೆ, ಒಂದೇ ಸಮನೆ, ಕುಯ್ ಅಂತ. ಜೊತೆಗೆ ಕಿವಿಗೆ ಹತ್ತಿ ತುರುಕಿದ ಹಾಗೆ.

ಬೆಂಗಳೂರಿಂದ ಬೆಳಿಗ್ಗೆ ಆರಕ್ಕೆ ಹೊರಟಿದ್ದೆ. ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್‌ನಿಂದ ಬೈಕ್ ಬಿಡುವುದಿಲ್ಲ. ಹಾಗಾಗಿ ಸರ್ವಿಸ್ ರೋಡು, ಹಂಪು, ಎದುರಿಗೇ ಬರುವ ಟ್ರ್ಯಾಕ್ಟರು. ಬೈದುಕೊಂಡೇ ಓಡಿಸಿದೆ. ಈಗ ನೋಡಿದರೆ ಕಿವಿಗೆ ಪುಣ್ಯ ಬಂದಿದ್ದು ಅಲ್ಲಿಯೇ, ವೇಗ ಹೋಗಲು ಆಗಲೇ ಇಲ್ಲವಲ್ಲ. ಇಲವಾಲ ದಾಟಿದ ಮೇಲೆ ರಸ್ತೆ ಬಿಚ್ಚಿಕೊಂಡಿತು. ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ, ಕುಶಾಲನಗರದ ಕಾವೇರಿ ಸೇತುವೆ ತನಕ, ಹೇಳಬಾರದು, 90-100.

ನಾನು ಇಷ್ಟು ವರ್ಷ ಸದ್ದು ಅಂದರೆ ಸೈಲೆನ್ಸರ್ ಅಂದುಕೊಂಡಿದ್ದೆ. ಅಲ್ಲ, ವೇಗ 65-70 ಕಿ.ಮೀ. ದಾಟಿದ ಮೇಲೆ ಕಿವಿ ತಿನ್ನುವುದು ಗಾಳಿ. 100ರ ವೇಗದಲ್ಲಿ ಒಳ್ಳೆಯ ಹೆಲ್ಮೆಟ್ ಒಳಗೂ 95 ಡೆಸಿಬಲ್ ದಾಟುವುದು ಮಾಮೂಲಿ. 85 ಡೆಸಿಬಲ್ ಅನ್ನು ದಿನಕ್ಕೆ 8 ಗಂಟೆ ತಡೆಯಬಹುದು ಅಂತ ಲೆಕ್ಕ, ಅದರ ಮೇಲೆ ಪ್ರತಿ 3 ಡೆಸಿಬಲ್‌ಗೆ ಸಮಯ ಅರ್ಧ ಆಗುತ್ತದೆ. 94ಕ್ಕೆ ಒಂದು ಗಂಟೆ, 97ಕ್ಕೆ ಅರ್ಧ ಗಂಟೆ. ಅಂದರೆ ನನ್ನ ದಿನದ ರೇಷನ್ ಪಿರಿಯಾಪಟ್ಟಣದ ಹೊತ್ತಿಗೇ ಖಾಲಿ!

ರಾತ್ರಿ ಕಡಂಬುಟ್ಟು, ಪಂದಿಕರಿ ಮುಗಿಸಿ ಕೂತಾಗ ಅಂಕಲ್ ತಮ್ಮ ಎಡಗಿವಿ ಕಥೆ ಹೇಳಿದರು. ಚಿಕ್ಕಂದಿನಿಂದ ಕೋವಿ, ಕೈಲ್‌ಪೊಳ್ದ್ (ಕೊಡವರ ಆಯುಧ ಹಬ್ಬ) ಬಂತೆಂದರೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಬಲಗೈಯವರು ಕೋವಿ ಹಿಡಿದಾಗ ಬಲಗಿವಿ ಭುಜದ ಕಡೆ ಮರೆಯಾಗುತ್ತದೆ, ಎಡಗಿವಿ ನಳಿಗೆ ಕಡೆ ತೆರೆದುಕೊಂಡಿರುತ್ತದೆ. ಹೋಗುವುದು ಮೊದಲು ಅದೇ. ಒಳಕಿವಿಯ ಕೂದಲಿನಂಥ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ, ಔಷಧಿ ಇಲ್ಲ. ಅದಕ್ಕೇ ಈಗ ತೋಟದಲ್ಲಿ ಕಳೆ ಹೊಡೆಯುವ ಮಷಿನ್ ಹಿಡಿಯುವವರಿಗೆಲ್ಲ ಅವರು ಕಿವಿಗಿಡುವ ಫೋಮ್ ಬಿರಡೆ ಕೊಡುತ್ತಾರೆ. ಡಬ್ಬದಿಂದ ನಾಲ್ಕು ಜೊತೆ ತೆಗೆದು ನನ್ನ ಕೈಗಿಟ್ಟರು.

ಸುಮ್ನೆ ತುರುಕಿದೆ. "ಹಾಗಲ್ಲ" ಅಂತ ಬೈಸಿಕೊಂಡೆ. ಕೈ ತೊಳೆದು, ಬಿರಡೆಯನ್ನು ಬೆರಳಲ್ಲಿ ಹೊಸೆದು ಅಗರಬತ್ತಿಯಷ್ಟು ತೆಳ್ಳಗೆ ಮಾಡಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಬೇಕು, ಆಗ ಒಳಗಿನ ಡೊಂಕು ನೆಟ್ಟಗಾಗುತ್ತದೆ. ಒಳಗೆ ತಳ್ಳಿ ಬೆರಳಲ್ಲಿ ಅರ್ಧ ನಿಮಿಷ ಒತ್ತಿ ಹಿಡಿದರೆ ಅದು ಮೆಲ್ಲಗೆ ಉಬ್ಬಿ ಗೋಡೆಗೆ ಕಚ್ಚಿಕೊಳ್ಳುತ್ತದೆ. ಕಣದ ಪಕ್ಕ ಬೊಗಳುತ್ತಿದ್ದ ನಾಯಿ ಹಾಗೇ ದೂರದ ಊರಿಗೆ ಹೋದಂತಾಯಿತು. ನನ್ನ ಎಂಜಲು ನುಂಗುವ ಸದ್ದು ಮಾತ್ರ ಜೋರು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಕುಯ್ ನಿಂತಿತು. ಭಾಗಮಂಡಲ, ತಲಕಾವೇರಿ ನೋಡಿಕೊಂಡು ಬಂದೆ. ಆ ತಿರುವುಗಳಲ್ಲಿ ವೇಗವೇ ಇಲ್ಲ, ಬಿರಡೆ ಜೇಬಲ್ಲೇ ಇತ್ತು.

ಹೊರಡುವ ಬೆಳಿಗ್ಗೆ ಇನ್ನೊಂದು ವಿಷಯ ನೆನಪಾಯಿತು. ಬರುವಾಗ ಬೈಲಕುಪ್ಪೆ ಹತ್ತಿರ ಕಾಲು ಚಾಚಲು ಫುಟ್‌ರೆಸ್ಟ್ ಮೇಲೆ ಎದ್ದು ನಿಂತಿದ್ದೆ, ಆಗ ಸದ್ದು ಧಡಕ್ಕನೆ ಅರ್ಧ ಆಗಿತ್ತು! ಅಂದರೆ ಹೆಲ್ಮೆಟ್ ಬಡಿಯುತ್ತಿದ್ದದ್ದು ನೇರ ಗಾಳಿ ಅಲ್ಲ, ವಿಂಡ್‌ಶೀಲ್ಡ್ ಅಂಚಿನಿಂದ ಸುಳಿ ಸುತ್ತಿ ಬರುವ ಗಾಳಿ. ಆರಾಮ ಅಂತ ದುಡ್ಡು ಕೊಟ್ಟು ಹಾಕಿಸಿದ ಶೀಲ್ಡ್ ಅದು, ನನ್ನ ಎತ್ತರಕ್ಕೆ ಸರಿಯಾಗಿ ಕಿವಿಗೇ ಹೊಡೆಯುತ್ತಿತ್ತು. ಅಲನ್ ಕೀ ತೆಗೆದು ಬಿಚ್ಚಿ ಬ್ಯಾಗಿಗೆ ಕಟ್ಟಿದೆ. ಕಿವಿಗೆ ಬಿರಡೆ ಇಟ್ಟೆ. ಗಲ್ಲದ ಕೆಳಗೆ ಮಫ್ಲರ್ ಸುತ್ತಿದೆ, ಗಾಳಿ ನುಗ್ಗುವ ದೊಡ್ಡ ಬಾಗಿಲು ಅದೇ ಅಲ್ವಾ.

ಮಡಿಕೇರಿ ಇಳಿದು ಸುಂಟಿಕೊಪ್ಪದ ಹತ್ತಿರ ಹಿಂದಿನಿಂದ ಕೆಂಪು ಬಸ್ಸು ಹಾರ್ನ್ ಹೊಡೆಯಿತು. ಬಿರಡೆ ಇಟ್ಟರೆ ಏನೂ ಕೇಳಲ್ಲ, ಅಪಾಯ ಅಂತ ನಾನೇ ಎಷ್ಟೋ ಜನರ ಹತ್ತಿರ ವಾದ ಮಾಡಿದವನು. ಚೆನ್ನಾಗಿ ಕೇಳಿತು, ಗಾಳಿಯ ಭೋರ್ ಕಡಿಮೆಯಾಗಿ ಎಂಜಿನ್ನಿನ ಟಪ್ಪೆಟ್ ಸದ್ದು ಕೂಡ ಬಿಡಿಬಿಡಿಯಾಗಿ ಕೇಳುತ್ತಿತ್ತು. ಒಂದೇ ತೊಂದರೆ, ಹೆಲ್ಮೆಟ್ ಹಾಕುವಾಗ ಪ್ಯಾಡ್ ತಾಗಿ ಎಡಗಡೆಯದು ಎರಡು ಸಲ ಜಾರಿತು.

ಹುಣಸೂರಲ್ಲಿ ಟೀಗೆ ನಿಲ್ಲಿಸಿದೆ. ಹೆಲ್ಮೆಟ್ ತೆಗೆದೆ, ಬಿರಡೆ ಮರೆತೆ. ಅಂಗಡಿಯವರು ಏನೋ ಕೇಳಿದರು. "ಇಪ್ಪತ್ತು ಸಾಕಾ?" ಅಂತ ನೋಟು ಚಾಚಿದೆ. ಅವರು ಚಮಚ ಎತ್ತಿ ತೋರಿಸಿ ಮತ್ತೆ ಕೇಳಿದರು. ಸಕ್ಕರೆ ಜಾಸ್ತಿನಾ, ಕಮ್ಮಿನಾ ಅಂತಿದ್ದರು. ನನಗೆ ಗೊತ್ತಿಲ್ಲದೇ ಅಂಕಲ್ ಥರ ಬಲಗಿವಿ ಮುಂದೆ ಚಾಚಿಕೊಂಡು ನಿಂತಿದ್ದೆ.