ಏಪ್ರಿಲ್‌ನಲ್ಲಿ ಹರ್ನಿಯಾ ಆಪರೇಷನ್, ಅಲ್ಲಿವರೆಗೆ ಜಿಮ್

ನನಗೆ ಹೊಕ್ಕುಳ ಹರ್ನಿಯಾ ಇದೆ, ಅಂದರೆ ಹೊಕ್ಕುಳ ಹತ್ತಿರ ಹೊಟ್ಟೆಯ ಗೋಡೆಯಲ್ಲಿ ತೂತಾಗಿ ಒಳಗಿನದು ಹೊರಗೆ ಉಬ್ಬುತ್ತದೆ. ಆಪರೇಷನ್ ಏಪ್ರಿಲ್‌ನಲ್ಲಿ, ಶಾಲೆಗೆ ಬೇಸಿಗೆ ರಜೆ ಬಿಟ್ಟ ಮೇಲೆ. ಅಲ್ಲಿವರೆಗೂ ಬೆಳಿಗ್ಗೆ ಜಿಮ್ಮಿಗೆ ಹೋಗುತ್ತಿದ್ದೇನೆ. ಇದನ್ನು ಕೇಳಿದವರೆಲ್ಲ ಗಾಬರಿಯಾಗುತ್ತಾರೆ. ಸ್ಟಾಫ್ ರೂಮಿನಲ್ಲಿ "ಮೇಡಂ, ಭಾರ ಎತ್ತಬಾರದು ಅಂತಾರಲ್ವಾ?" ಅನ್ನುತ್ತಾರೆ. ಮನೆಯಲ್ಲಿ ಅತ್ತೆ "ಬಟ್ಟೆ ಕಟ್ಕೊಂಡು ಸುಮ್ನೆ ಒಂದ್ಕಡೆ ಕೂತ್ಕೋಬಾರ್ದೇನಮ್ಮ" ಅನ್ನುತ್ತಾರೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ "ಭಾರ ಎತ್ತಬೇಡ" ಅನ್ನೋ ಒಂದೇ ಮಾತು ಸಾಲದು. ಏನು ಎತ್ತಬಹುದು, ಹೇಗೆ ಎತ್ತಬೇಕು ಅಂತ ಯಾರೂ ಹೇಳುವುದಿಲ್ಲ. ಕೋಲಾರದಂಥ ಊರಿನಲ್ಲಿ ಭಾರ ಎತ್ತದೇ ಹೆಂಗಸಿಗೆ ದಿನ ಕಳೆಯುವುದಾದರೂ ಹೇಗೆ?

ಕಾಯಬೇಕಾಗಿ ಬಂದಿದ್ದು ರಜೆಗೋಸ್ಕರ ಮಾತ್ರ ಅಲ್ಲ. ಎರಡನೇ ಬಸಿರಿನಲ್ಲಿ ನನಗೆ ಸಕ್ಕರೆ ಕಾಣಿಸಿಕೊಂಡಿತು. ಆಗ ಹೋಯಿತು, ನಲವತ್ತು ದಾಟಿದ ಮೇಲೆ ಮತ್ತೆ ಬಂತು. ಹರ್ನಿಯಾಗೆಂದು ಸರ್ಜನ್ ಹತ್ತಿರ ಹೋದಾಗ ಎಚ್‌ಬಿಎ1ಸಿ 8.6 ಇತ್ತು. ಹಿಂದಿನ ಎರಡು ಮೂರು ತಿಂಗಳು ರಕ್ತದಲ್ಲಿ ಸಕ್ಕರೆ ಹೇಗಿತ್ತು ಅಂತ ಹೇಳುವ ಪರೀಕ್ಷೆ ಅದು. "ಇಷ್ಟು ಸಕ್ಕರೆ ಇಟ್ಟುಕೊಂಡು ಮೆಶ್ (ತೂತಿಗೆ ಹಾಕುವ ಬಲೆ) ಹಾಕಿದರೆ ಗಾಯ ನಿಧಾನವಾಗಿ ಮಾಯುತ್ತೆ, ಸೋಂಕಿನ ಭಯ ಜಾಸ್ತಿ. ಮೊದಲು ಇಳಿಸಿ, ತೂಕವನ್ನೂ ಇಳಿಸಿ" ಅಂದರು. ಸಕ್ಕರೆ ಇಳಿಯಬೇಕಾದರೆ ಮಾತ್ರೆ, ಊಟದ ಜೊತೆ ಮೈಗೆ ಕೆಲಸವೂ ಬೇಕು. ಊಟವಾದ ಮೇಲೆ ರಕ್ತಕ್ಕೆ ಬಂದ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಎಳೆದುಕೊಳ್ಳುವುದು ಸ್ನಾಯುಗಳೇ. ಸುಮ್ನೆ ಕೂತರೆ ಆಪರೇಷನ್ ಇನ್ನೂ ಮುಂದಕ್ಕೆ ಹೋಗುತ್ತಿತ್ತು.

ಅದಕ್ಕೇ ನೇರವಾಗಿ ಕೇಳಿದೆ: "ಡಾಕ್ಟ್ರೇ, ಜಿಮ್ ಮಾಡಬಹುದಾ?" ಅವರು ಮಲಗಿಸಿ, ಕೆಮ್ಮಿಸಿ, ನಿಲ್ಲಿಸಿ ನೋಡಿದರು. ಸ್ಕ್ಯಾನ್‌ನಲ್ಲಿ ತೂತು ಸುಮಾರು 2 ಸೆಂಟಿಮೀಟರ್. ಹೊರಗೆ ಬರುತ್ತಿದ್ದುದು ಹೊಟ್ಟೆಯೊಳಗಿನ ಕೊಬ್ಬಿನ ಪದರ, ಕರುಳಲ್ಲ. ಮಲಗಿದರೆ ತಾನೇ ಒಳಗೆ ಹೋಗುತ್ತದೆ, ನೋವಿಲ್ಲ. ಇಷ್ಟನ್ನೂ ನೋಡಿದ ಮೇಲೆ ಒಪ್ಪಿದರು. ಒಪ್ಪಿದ್ದು ನನ್ನ ಹೊಟ್ಟೆಗೆ. ಇದನ್ನು ಓದುವವರು ತಮ್ಮ ಸರ್ಜನ್‌ಗೆ ತೋರಿಸಿ ಕೇಳಲೇಬೇಕು.

ನಾನು ವಿಜ್ಞಾನದ ಟೀಚರ್. ಒತ್ತಡದ ಪಾಠ ಮಾಡುವವಳು. ಹಾಗಾಗಿ ಇದರ ಒಳಗುಟ್ಟು ಬೇಗ ಅರ್ಥವಾಯಿತು. ಹೊಟ್ಟೆ ಎಲ್ಲ ಕಡೆ ಮುಚ್ಚಿದ ಜಾಗ. ಮೇಲೆ ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯು), ಕೆಳಗೆ ಸೊಂಟದ ತಳದ ಸ್ನಾಯುಗಳು, ಹಿಂದೆ ಬೆನ್ನುಮೂಳೆ, ಮುಂದೆ ಹೊಟ್ಟೆಯ ಸ್ನಾಯುಗಳು. ಉಸಿರು ಬಿಗಿಹಿಡಿದು ಮುಕ್ಕಿರಿದರೆ ಒಳಗಿನ ಒತ್ತಡ ಒಮ್ಮೆಲೇ ಏರುತ್ತದೆ. ಟೈರ್ ಹರಿದ ಕಡೆ ಸೈಕಲ್ ಟ್ಯೂಬ್ ಉಬ್ಬಿ ಹೊರಗೆ ಬರುತ್ತದಲ್ಲ, ಹಾಗೆ ಬಲಹೀನ ಜಾಗದಲ್ಲಿ ಒಳಗಿನದು ಹೊರಗೆ ನುಗ್ಗುತ್ತದೆ. ತುಂಬಾ ತೂಕ ಎತ್ತುವ ಪೈಲ್ವಾನರು ಬೆನ್ನು ಗಟ್ಟಿಯಾಗಲಿ ಅಂತ ಬೇಕೆಂದೇ ಹಾಗೆ ಉಸಿರು ಹಿಡಿಯುತ್ತಾರೆ. ನನಗೆ ಬೇಡವಾಗಿರುವುದು ಅದೇ.

ಅಂದಮೇಲೆ ತೂಕ ಎಷ್ಟು ಅನ್ನುವುದರ ಜೊತೆಗೆ ಉಸಿರು ಎಲ್ಲಿದೆ ಅಂತಲೂ ನೋಡಬೇಕು. ಕೆಮ್ಮು, ಜಿಗಿತ, ಮಲಬದ್ಧತೆಯಲ್ಲಿ ಮುಕ್ಕಿರಿಯುವುದು, ಇವುಗಳಲ್ಲಿ ಏರುವ ಒತ್ತಡ ಕಡಿಮೆಯದೇನಲ್ಲ. ಕೈಯಲ್ಲಿ 3 ಕೆಜಿ ಡಂಬಲ್ ಹಿಡಿದು ಬಾಯಿಂದ ಉಸಿರು ಬಿಡುತ್ತಾ ಎತ್ತುವುದಕ್ಕಿಂತ ಬೆಳಿಗ್ಗೆ ಕಕ್ಕಸಿನಲ್ಲಿ ಮುಕ್ಕಿರಿಯುವುದು ನನಗೆ ಹೆಚ್ಚು ಅಪಾಯ. ಇದನ್ನು ತಿಳಿದ ಮೇಲೆ ನಮ್ಮನೆ ಊಟದಲ್ಲಿ ಸೊಪ್ಪಿನ ಬಸ್ಸಾರು ಜಾಸ್ತಿಯಾಯಿತು, ನೀರು ಕುಡಿಯುವುದೂ ಜಾಸ್ತಿಯಾಯಿತು.

ಹಾಗೇ ಮನೆಯ ಕೆಲಸಗಳನ್ನೂ ಒಂದೊಂದಾಗಿ ನೋಡುತ್ತಾ ಬಂದೆ. ಇದನ್ನು ಹೆಂಗಸರಿಗೋಸ್ಕರ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಡಾಕ್ಟರು ಜಿಮ್ ಬಗ್ಗೆ ಹೇಳುತ್ತಾರೆ, ಅಡುಗೆಮನೆ ಬಗ್ಗೆ ಹೇಳುವುದಿಲ್ಲ. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್. ಹಾಗಾಗಿ ಕುಡಿಯುವ ನೀರು ಬರುವುದು ಫಿಲ್ಟರ್ ನೀರಿನ ಘಟಕದಿಂದ, ಕ್ಯಾನಿನಲ್ಲಿ. 20 ಲೀಟರ್ ಅಂದರೆ 20 ಕೆಜಿ. ಅದನ್ನು ನೆಲದಿಂದ ಬಗ್ಗಿ ಎತ್ತಿ, ಸ್ಟ್ಯಾಂಡಿನ ಮೇಲೆ ಬೋರಲು ಹಾಕುವಾಗ ಉಸಿರು ಕಟ್ಟದವರು ಯಾರಿದ್ದಾರೆ? ಗ್ಯಾಸ್ ಸಿಲಿಂಡರ್‌ನಲ್ಲಿ ಗ್ಯಾಸೇ 14.2 ಕೆಜಿ, ಖಾಲಿ ಸಿಲಿಂಡರ್‌ನ ತೂಕ ಬೇರೆ. ಆಮೇಲೆ ಮುದ್ದೆ. ಪಾತ್ರೆಯನ್ನು ಎರಡು ಕಾಲಿನ ಮಧ್ಯೆ ಅದುಮಿ ಹಿಡಿದು, ಐದು ಜನಕ್ಕೆ ಆಗುವಷ್ಟು ಹಿಟ್ಟನ್ನು ಕೋಲಿನಲ್ಲಿ ತಿರುವುವಾಗ ಹೊಟ್ಟೆ ಕಲ್ಲಾಗುತ್ತದೆ. ಒಮ್ಮೆ ಹೊಕ್ಕುಳ ಮೇಲೆ ಕೈ ಇಟ್ಟುಕೊಂಡು ತಿರುವಿ ನೋಡಿ, ನಿಮಗೇ ಗೊತ್ತಾಗುತ್ತದೆ.

ಕ್ಯಾನ್ ಮತ್ತು ಸಿಲಿಂಡರ್ ಈಗ ನಮ್ಮ ಮನೆಯವರ ಪಾಲಿಗೆ. ತೋಟದಲ್ಲಿ 15 ಕೆಜಿ ಟೊಮೆಟೊ ಬಾಕ್ಸ್‌ಗಳನ್ನು ಗಾಡಿಗೆ ತುಂಬುವವರು ಅವರು, ಅವರಿಗೆ ಅದು ಕಷ್ಟವಲ್ಲ. ಮುದ್ದೆಯನ್ನು ಬಿಡಲು ನನಗೆ ಮನಸ್ಸಿಲ್ಲ. ಎರಡು ಸಲವಾಗಿ ಸ್ವಲ್ಪ ಸ್ವಲ್ಪ ಹಿಟ್ಟು ಹಾಕಿ ತಿರುವುತ್ತೇನೆ, ಒತ್ತುವಾಗ ಉಸಿರು ಬಿಡುತ್ತೇನೆ. ಮುದ್ದೆ ನನ್ನ ಪಾಲಿಗೆ ಚಿಕ್ಕದಾಗಿದೆ, ಸಕ್ಕರೆಯ ಕಾರಣಕ್ಕೆ. ಅದು ಬೇರೆ ವಿಷಯ.

ಜಿಮ್ಮಿನಲ್ಲಿ ನನ್ನ ಟ್ರೈನರ್ ನಮ್ಮ ಶಾಲೆಯಲ್ಲೇ ಓದಿದ ಹುಡುಗ. ಈಗಲೂ "ಮಿಸ್" ಅಂತಲೇ ಕರೆಯುತ್ತಾನೆ. ಮೊದಲು ಅವನಿಗೂ ಭಯವಿತ್ತು. ಡಾಕ್ಟರ್ ಚೀಟಿ ತೋರಿಸಿ, "ನೋಡಪ್ಪಾ, ಹೊಟ್ಟೆ ಉಬ್ಬಿದ್ದು ಕಂಡರೆ ಅಲ್ಲಿಗೇ ನಿಲ್ಲಿಸು" ಅಂದೆ. ಈಗ ನನಗಿಂತ ಅವನೇ ಜಾಸ್ತಿ ಎಚ್ಚರ. ಸಿಟ್-ಅಪ್, ಕ್ರಂಚ್, ಎರಡೂ ಕಾಲು ಒಟ್ಟಿಗೆ ಎತ್ತುವುದು, ಪೂರ್ತಿ ಪ್ಲ್ಯಾಂಕ್, ಭಾರದ ಡೆಡ್‌ಲಿಫ್ಟ್, ಎಲ್ಲ ಬಂದ್. ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಪುಶ್-ಅಪ್, ರಬ್ಬರ್ ಬ್ಯಾಂಡ್ ಎದೆಯತ್ತ ಎಳೆಯುವುದು, ಕೂತು ಹಗುರ ಡಂಬಲ್, ಬೆನ್ನ ಮೇಲೆ ಮಲಗಿ ಸೊಂಟ ಎತ್ತುವ ಬ್ರಿಡ್ಜ್, ಮಲಗಿದಲ್ಲೇ ಒಂದೊಂದು ಹಿಮ್ಮಡಿ ಜಾರಿಸುವುದು. ಇವು ನನ್ನ ವ್ಯಾಯಾಮ. ಸೆಟ್ ಮುಗಿದಾಗ ಇನ್ನೂ ನಾಲ್ಕೈದು ಸಲ ಮಾಡಬಹುದು ಅನ್ನಿಸಬೇಕು. ಕೊನೆಯದನ್ನು ಹಲ್ಲು ಕಚ್ಚಿ ಮಾಡುವಷ್ಟು ತೂಕ ತೆಗೆದುಕೊಳ್ಳುವುದಿಲ್ಲ. ಎತ್ತುವಾಗ ಅವನು ನನ್ನ ಬಾಯಲ್ಲೇ ಗಟ್ಟಿಯಾಗಿ ಎಣಿಕೆ ಮಾಡಿಸುತ್ತಾನೆ. ಬಾಯಲ್ಲಿ ಎಣಿಕೆ ನಡೆಯುತ್ತಿದ್ದರೆ ಉಸಿರು ಹಿಡಿಯುವುದಕ್ಕೆ ಆಗುವುದೇ ಇಲ್ಲ. ಬಹಳ ಒಳ್ಳೆ ಉಪಾಯ ಇದು.

ಮಲಗಿದ್ದು ಏಳುವಾಗ ನೇರ ಏಳುವುದಿಲ್ಲ. ಪಕ್ಕಕ್ಕೆ ಹೊರಳಿ, ಕೈ ಊರಿ ಏಳುತ್ತೇನೆ. ಕೆಮ್ಮು ಬಂದರೆ ಹೊಕ್ಕುಳ ಮೇಲೆ ಅಂಗೈ ಒತ್ತಿ ಹಿಡಿಯುತ್ತೇನೆ. ಭಾನುವಾರ ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತುತ್ತೇನೆ, ಮಾತಾಡಿಕೊಂಡು, ನಿಧಾನವಾಗಿ. ಕೋತಿಗಳ ಕಾಟ ಬಿಟ್ಟರೆ ಅದಕ್ಕಿಂತ ಒಳ್ಳೆ ಜಾಗ ನನಗೆ ಈ ಊರಿನಲ್ಲಿ ಗೊತ್ತಿಲ್ಲ.

ಇನ್ನು ಅತ್ತೆ ಹೇಳುವ ಬಟ್ಟೆ, ಅಂಗಡಿಯಲ್ಲಿ ಸಿಗುವ ಬೆಲ್ಟ್. ಹಾಕಿಕೊಂಡರೆ ಹಿತ ಅನ್ನಿಸಬಹುದು, ಆದರೆ ತೂತು ಮುಚ್ಚುವುದಿಲ್ಲ. ವ್ಯಾಯಾಮವೂ ಮುಚ್ಚುವುದಿಲ್ಲ. ಹೊಟ್ಟೆಯ ಸ್ನಾಯು ಗಟ್ಟಿ ಮಾಡಿದರೆ ಹರ್ನಿಯಾ ವಾಸಿ ಅಂತ ಹೇಳುವವರನ್ನು ದಯವಿಟ್ಟು ನಂಬಬೇಡಿ. ದೊಡ್ಡವರ ಹೊಕ್ಕುಳ ಹರ್ನಿಯಾ ತಾನಾಗಿ ಹೋಗುವುದಿಲ್ಲ, ಅದಕ್ಕೆ ಆಪರೇಷನ್ನೇ ದಾರಿ.

ಒಂದು ವಿಷಯದಲ್ಲಿ ಮಾತ್ರ ಮನೆಯವರನ್ನೆಲ್ಲ ಕೂರಿಸಿ ಹೇಳಿದ್ದೇನೆ. ಗಡ್ಡೆ ಗಟ್ಟಿಯಾಗಿ, ಮಲಗಿದರೂ ಒಳಗೆ ಹೋಗದೆ, ನೋವು ಏರುತ್ತಾ ಹೋದರೆ, ಮೇಲಿನ ಚರ್ಮ ಕೆಂಪಗೆ ಅಥವಾ ಕಪ್ಪಗೆ ತಿರುಗಿದರೆ, ವಾಂತಿಯಾದರೆ, ಗ್ಯಾಸ್ ಹೋಗುವುದು ನಿಂತರೆ, ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ. ಒಳಗೆ ಸಿಕ್ಕಿಕೊಂಡ ಭಾಗಕ್ಕೆ ರಕ್ತ ಹರಿಯುವುದು ನಿಂತಿರಬಹುದು. ಕೈಯಿಂದ ಬಲವಂತವಾಗಿ ತಳ್ಳುವುದು, ಬಿಸಿ ಎಣ್ಣೆ ಹಚ್ಚುವುದು ಯಾವುದೂ ಬೇಡ, ಸೀದಾ ಆಸ್ಪತ್ರೆ. ನಮ್ಮ ಮಗಳಿಗೆ ಇದು ಬಾಯಿಪಾಠ ಆಗಿದೆ.

ಹೋದ ವಾರದ ರಿಪೋರ್ಟಿನಲ್ಲಿ ಎಚ್‌ಬಿಎ1ಸಿ 7.3. ಮಾತ್ರೆಯ ಪಾಲೂ ಇದೆ, ಊಟದ ಪಾಲೂ ಇದೆ, ಆದರೆ ನನ್ನ ತೋಳು ತೊಡೆಗಳ ಪಾಲೂ ಇದೆ ಅಂತ ನಾನು ಖಂಡಿತ ನಂಬುತ್ತೇನೆ. ಸರ್ಜನ್ ನೋಡಿ "ಈಗ ದಿನ ಹಾಕೋಣ" ಅಂದರು. 1 ಸೆಂಟಿಮೀಟರ್‌ಗಿಂತ ದೊಡ್ಡ ತೂತಿಗೆ ಸಾಮಾನ್ಯವಾಗಿ ಮೆಶ್ ಹಾಕುತ್ತಾರೆ, ಬರೀ ಹೊಲಿಗೆ ಹಾಕಿದರೆ ಮರುಕಳಿಸುವುದು ಜಾಸ್ತಿ ಅಂತ ವಿವರಿಸಿದರು. ಅದೇ ದಿನ ಎದ್ದು ನಡೆಯಬೇಕಂತೆ. ನಾಲ್ಕರಿಂದ ಆರು ವಾರ ಭಾರ ಎತ್ತುವ ಹಾಗಿಲ್ಲ. ಅಷ್ಟೂ ದಿನ ಮುದ್ದೆ ತಿರುವುವುದು ಯಾರು ಅಂತ ಮನೆಯಲ್ಲಿ ಕೇಳಿದೆ. ಮಗಳು ಈಗಲೇ ಕಲಿಯಲು ಶುರು ಮಾಡಿದ್ದಾಳೆ. ಅವಳಿಗೂ ಉಸಿರು ಬಿಟ್ಟು ತಿರುವುವುದನ್ನೇ ಹೇಳಿಕೊಡುತ್ತಿದ್ದೇನೆ.