ಗೇಣು ನೀರಿನ ದಾರಿ: ಗಾಣಗಾಪುರದಿಂದ ಸನ್ನತಿಗೆ ದೋಣಿಯಲ್ಲಿ

ಮೊದಲ ಸಲ ನಾವು ಹೊರಟದ್ದು ಮಾರ್ಚ್‌ನಲ್ಲಿ. ಗಾಣಗಾಪುರದ ಸಂಗಮದ ಬಳಿ ದೋಣಿ ಇಳಿಸಿ ಎರಡು ತಾಸು ಕಳೆಯುವಷ್ಟರಲ್ಲಿ ಭೀಮೆ ಮರಳಿನಲ್ಲಿ ಇಂಗಿ, ಅಲ್ಲೊಂದು ಇಲ್ಲೊಂದು ಮಡುವಾಗಿ ಉಳಿದಿತ್ತು. ದೋಣಿ ಟ್ರ್ಯಾಕ್ಟರ್ ಏರಿ ಕಲಬುರಗಿಗೆ ಮರಳಿತು. ನಕಾಶೆಯಲ್ಲಿ ನದಿ ವರ್ಷವಿಡೀ ನೀಲಿಯಾಗಿಯೇ ಇರುತ್ತದೆ. ನಾವು ಅದನ್ನು ನಂಬಿದ್ದೆವು.

ಎರಡನೆಯ ಸಲ ಕಾಲ ನೋಡಿ ಹೊರಟೆವು. ಮಳೆಗಾಲದಲ್ಲಿ ಭೀಮೆಗೆ ಇಳಿಯುವ ಮಾತೇ ಬೇಡ. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರೆ ಇಲ್ಲಿ ಹನಿ ಮಳೆಯಿಲ್ಲದಿದ್ದರೂ ಹೊಳೆ ದಂಡೆ ಮೀರುತ್ತದೆ. 2020ರ ಅಕ್ಟೋಬರ್‌ನ ನೆರೆಯನ್ನು ಹೊಳೆದಂಡೆಯ ಊರುಗಳು ಇನ್ನೂ ಮರೆತಿಲ್ಲ. ಮಳೆ ಮುಗಿದ ಮೇಲೆ ಬ್ಯಾರೇಜುಗಳ ಗೇಟು ಇಳಿಸಿ ಬೇಸಿಗೆಗೆಂದು ನೀರು ನಿಲ್ಲಿಸುತ್ತಾರೆ. ದೋಣಿಯವರಿಗೆ ಸಿಗುವ ಅವಕಾಶ ಅಷ್ಟೇ: ನವೆಂಬರ್‌ನಿಂದ ಜನವರಿ ನಡುವಿನವರೆಗೆ. ದತ್ತ ಜಯಂತಿಯ ಜಂಗುಳಿ ಕರಗಿದ ಮೇಲೆ ಗಾಣಗಾಪುರ ಬಿಟ್ಟು ಎಳ್ಳ ಅಮಾವಾಸ್ಯೆಯ ಹೊತ್ತಿಗೆ ನಡುದಾರಿಯಲ್ಲಿರುವಂತೆ ಲೆಕ್ಕ ಹಾಕಿ. ಕಾರಣ ಮುಂದೆ ಹೇಳುತ್ತೇನೆ. ಹೊರಡುವ ಮುನ್ನ ಮೇಲಿನ ಸೊನ್ನ ಬ್ಯಾರೇಜಿನಿಂದ ನೀರು ಬಿಡುವ ಸೂಚನೆ ಇದೆಯೇ ಎಂದು ವಿಚಾರಿಸಿ, ದಾರಿಯ ಪೊಲೀಸ್ ಠಾಣೆಗಳಿಗೂ ಒಂದು ಮಾತು ತಿಳಿಸಿ. ಮೂವರು ಅಪರಿಚಿತರು ದೋಣಿಯಲ್ಲಿ ರಾತ್ರಿ ಕಳೆಯುತ್ತಿದ್ದರೆ ಮರಳು ಕದಿಯಲು ಬಂದವರೆಂದು ಊರವರು ತಿಳಿಯುವುದು ಸಹಜ.

ದೋಣಿಯ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ. ಹರಿಗೋಲು ದಡದಿಂದ ದಡಕ್ಕೆ ದಾಟಲು ಒಳ್ಳೆಯದು, ದಿನಗಟ್ಟಲೆ ಸಾಗಲು ಅಲ್ಲ. ಅರ್ಧ ಶ್ರಮ ಅದು ಸುತ್ತದಂತೆ ನೋಡಿಕೊಳ್ಳುವುದಕ್ಕೇ ಹೋಗುತ್ತದೆ. ನಮ್ಮದು ಹದಿನಾಲ್ಕು ಅಡಿಯ, ತಳ ಚಪ್ಪಟೆಯಾದ ಫೈಬರ್ ದೋಣಿ. ಮೂರು ಜನ, ಹಾಸಿಗೆ, ರೊಟ್ಟಿಗಂಟು ಹೇರಿದರೂ ಗೇಣು ನೀರಿನಲ್ಲಿ ತೇಲುತ್ತಿತ್ತು. ಚುಕ್ಕಾಣಿ ಮೇಲೆತ್ತಲು ಬರುವಂತಿರಲಿ. ನಮ್ಮದು ಹಾಗಿರಲಿಲ್ಲ, ಎರಡನೆಯ ದಿನವೇ ಕಲ್ಲಿಗೆ ಬಡಿದು ಸೀಳಿತು. ಫಿರೋಜಾಬಾದಿನ ಆಚೆಗೆ ಹಲವೆಡೆ ಹೊಳೆಯ ತಳ ಮರಳಲ್ಲ, ಫರ್ಸಿ. ನಮ್ಮ ಮನೆಗಳಿಗೆ ಹಾಸುವ ಅದೇ ಶಹಾಬಾದ್ ಕಲ್ಲು, ಪದರು ಪದರಾಗಿ ನೀರಿನೊಳಗೆ ಮಲಗಿರುತ್ತದೆ. ಬಿಸಿಲು ಎದುರಿಗಿದ್ದರೆ ಕಾಣುವುದೇ ಇಲ್ಲ. ಅಂಥ ಕಡೆ ಒಬ್ಬರು ಮುಂದೆ ಕೂತು ಬಿದಿರಿನ ಗಳದಿಂದ ತಳ ಮುಟ್ಟುತ್ತಲೇ ಇರಬೇಕು.

ಇನ್ನು ಹಾಯಿ. ತಾಡಪತ್ರಿ ಕತ್ತರಿಸಿ, ಬಿದಿರು ನೆಟ್ಟು ಬಹಳ ಉಮೇದಿನಿಂದ ಕಟ್ಟಿದ್ದೆವು. ಚಳಿಗಾಲದಲ್ಲಿ ಇಲ್ಲಿ ಬೀಸುವುದು ಮೂಡಗಾಳಿ, ಭೀಮೆ ಹರಿಯುವುದು ಆಗ್ನೇಯಕ್ಕೆ. ಅಂದರೆ ಗಾಳಿ ಬಹುಪಾಲು ಎದುರಿಗೇ. ತಳದಲ್ಲಿ ನೀರನ್ನು ಕಚ್ಚಿ ಹಿಡಿಯುವ ಹಲಗೆ ಇಲ್ಲದ ಚಪ್ಪಟೆ ದೋಣಿ ಎದುರುಗಾಳಿಗೆ ಮುಂದೆ ಹೋಗುವುದಿಲ್ಲ, ಏಡಿಯಂತೆ ಅಡ್ಡಡ್ಡ ಜಾರುತ್ತದೆ. ಹೊಳೆ ಪಡುವಣಕ್ಕೆ ಮುರಿದುಕೊಳ್ಳುವ ಕೆಲವು ತಿರುವುಗಳಲ್ಲಿ ಮಾತ್ರ ಹಾಯಿ ಉಬ್ಬಿತು. ಆಗಿನ ಖುಷಿಯನ್ನು ಸುಳ್ಳೆನ್ನಲಾರೆ. ಉಳಿದಂತೆ ಅದು ಮಧ್ಯಾಹ್ನದ ನೆರಳಿಗೆ ಒದಗಿತು. ಹುಟ್ಟು ಮಾತ್ರ ನಾಲ್ಕು ಒಯ್ಯಿರಿ, ಒಂದು ಮುರಿದೇ ಮುರಿಯುತ್ತದೆ.

ತಂಗುವ ತಾಣಗಳನ್ನು ಮೈಲಿಯ ಲೆಕ್ಕದಲ್ಲಿ ಗೊತ್ತು ಮಾಡಬೇಡಿ. ನಾವು ಹಾಗೆ ಮಾಡಿ ಮೊದಲ ರಾತ್ರಿ ಕೆಸರಿನಲ್ಲಿ ಕಳೆದೆವು. ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಮುದುಕರೊಬ್ಬರನ್ನು "ಕಾಕಾ, ಮುಂದೆ ನೀರು ಎಷ್ಟಿದೆ?" ಎಂದು ಕೇಳಿದೆ. "ಆ ಜಾಲಿಯವರೆಗೆ ಮೊಣಕಾಲು, ಅಲ್ಲಿಂದ ನಡು, ಬಂಡೆ ದಾಟಿದರೆ ಆಳು ಮುಳುಗುತ್ತದೆ ತಮ್ಮಾ" ಎಂದರು. ಮೊಬೈಲಿನ ಯಾವ ನಕಾಶೆಯೂ ಹೀಗೆ ಹೇಳಲಿಲ್ಲ. ಅಂದಿನಿಂದ ಕಂಡವರನ್ನೆಲ್ಲ ಕೇಳುತ್ತ ಸಾಗಿದೆವು. ಆಳು ಮುಳುಗುವ ನೀರಿಗಿಂತ ಅಪಾಯಕಾರಿ ಮರಳು ತೆಗೆದ ಗುಂಡಿಗಳು. ದೋಣಿ ಎಳೆಯಲೆಂದು ಮೊಣಕಾಲು ನೀರಿನಲ್ಲಿ ಇಳಿದವರು ಮುಂದಿನ ಹೆಜ್ಜೆಗೆ ಕಾಣೆಯಾಗಬಹುದು. ದೋಣಿಯ ಅಂಚು ಬಿಡದೆ ನಡೆಯಿರಿ, ಈಜು ಬಂದರೂ ಲೈಫ್ ಜಾಕೆಟ್ ಕಳಚಬೇಡಿ. ಮೊಸಳೆಯೂ ಇವೆ. ನೀರಂಚಿನಲ್ಲಿ ಮಲಗುವುದು, ಕತ್ತಲಲ್ಲಿ ಪಾತ್ರೆ ತೊಳೆಯುವುದು ಎರಡೂ ಬೇಡ. ಬ್ಯಾರೇಜಿನ ಹಿನ್ನೀರಿನಲ್ಲಿ ದೋಣಿ ಕಟ್ಟುವಾಗ ಹಗ್ಗ ಉದ್ದ ಬಿಡಿ. ರಾತ್ರಿ ಗೇಟು ಎತ್ತಿ ನೀರು ಇಳಿದರೆ ಗಿಡ್ಡ ಹಗ್ಗದ ದೋಣಿ ದಂಡೆಗೆ ತೂಗುಬಿದ್ದು ಸಾಮಾನೆಲ್ಲ ಹೊಳೆಪಾಲಾಗುತ್ತದೆ.

ಫಿರೋಜಾಬಾದಿನಲ್ಲಿ ಅರ್ಧ ದಿನ ನಿಲ್ಲಿರಿ. 1397ರಿಂದ 1422ರವರೆಗೆ ಆಳಿದ ಬಹಮನಿ ಸುಲ್ತಾನ ಫಿರೋಜ್ ಶಾಹ ಕಟ್ಟಿಸಿದ ಊರು. ಮೂರು ಕಡೆ ಕೋಟೆಗೋಡೆ, ನಾಲ್ಕನೆಯ ಕಡೆಗೆ ಭೀಮೆಯೇ ಕಾವಲು. ರಸ್ತೆಯಿಂದ ಬಂದಾಗ ಈ ಜಾಣ್ಮೆ ತಿಳಿಯುವುದಿಲ್ಲ, ನೀರಿನಿಂದ ಬಂದರೆ ತಿಳಿಯುತ್ತದೆ. ಕಿರಾಣಿ, ಔಷಧಿ, ಬ್ಯಾಟರಿ ಬೇಕಾದರೆ ಕಟ್ಟಿಸಂಗಾವಿ ಸೇತುವೆಯ ಬಳಿ ಒಬ್ಬರು ಇಳಿದು ಬಸ್ಸಿನಲ್ಲಿ ಜೇವರ್ಗಿಗೆ ಹೋಗಿಬರಲಿ. ಅದರಾಚೆ ಹೊಳೆದಂಡೆಯಲ್ಲಿ ನಮಗೆ ಪೇಟೆ ಸಿಗಲಿಲ್ಲ.

ಎಳ್ಳ ಅಮಾವಾಸ್ಯೆಯ ದಿನ ಒಲೆ ಹಚ್ಚಲೇ ಇಲ್ಲ. ಹೊಳೆಸಾಲಿನ ಹೊಲಗಳಲ್ಲೆಲ್ಲ ಜನ. ಜೋಳದ ನಡುವೆ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲುತ್ತಿದ್ದವರು ದೋಣಿ ಕಂಡು ಕೂಗಿ ಕರೆದರು. "ನೀರಿನಲ್ಲಿ ಬಂದವರು ಹಸಿದು ಹೋಗಬಾರದು, ಕೂತುಕೊಳ್ಳಿರಪ್ಪಾ" ಎಂದು ಅವ್ವನೊಬ್ಬರು ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಬಡಿಸಿದರು. ಮುಂದಿನ ಹೊಲದಲ್ಲೂ ಅದೇ, ಅದರ ಮುಂದಿನದರಲ್ಲೂ ಅದೇ. ಅಂದು ಸಾಗಿದ ದಾರಿ ಎರಡು ಹರದಾರಿಯೂ ಇರಲಿಕ್ಕಿಲ್ಲ.

ಹೊನಗುಂಟಾದಲ್ಲಿ ಕಾಗಿಣಾ ಬಂದು ಸೇರುತ್ತದೆ. ಅಲ್ಲಿಂದಾಚೆ ನಮಗೆ ಸಿಕ್ಕಿದ್ದು ಅಗಲವಾದ ನಿಂತ ನೀರು. ಕಲ್ಲಿನ ಕಾಟ ಮುಗಿದು ಬಲೆಗಳ ಕಾಟ ಶುರುವಾಯಿತು. ತೇಲುವ ಬಾಟಲಿಗಳ ಸಾಲು ಕಂಡರೆ ಸುತ್ತಿಕೊಂಡು ಹೋಗಿ. ಒಬ್ಬರ ಬಲೆಯನ್ನು ನಾವು ಹರಿದೆವು, ಹುಡುಕಿಕೊಂಡು ಹೋಗಿ ಹಣ ಕೊಟ್ಟೆವು.

ಆರನೆಯ ದಿನ ಸನ್ನತಿ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯ ಚಾವಣಿ ಕುಸಿದಾಗ ಮೂರ್ತಿಯ ಕೆಳಗಿನ ಕಲ್ಲೇ ಅಶೋಕನ ಶಾಸನವೆಂದು ಗೊತ್ತಾಯಿತು. ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ 'ರಾಯ ಅಸೋಕೋ' ಎಂದು ಬ್ರಾಹ್ಮಿಯಲ್ಲಿ ಕೆತ್ತಿದ ಅರಸನ ಶಿಲ್ಪವಿದೆ. ಇಲ್ಲಿಗೆ ಒಂದು ಇಡೀ ದಿನ ಮೀಸಲಿಡಿ, ನಾವು ಎರಡೇ ತಾಸು ಇದ್ದು ಪೇಚಾಡಿದೆವು.

ಮರಳುವಾಗ ಜನರಿಗೆ ನಾಲವಾರದಲ್ಲಿ ರೈಲು ಇದೆ. ದೋಣಿಗೆ ಮಾತ್ರ ಗಾಡಿಯನ್ನು ಮೊದಲೇ ಹೇಳಿಡಿ. ತೊಗರಿ ರಾಶಿಯ ದಿನಗಳಲ್ಲಿ ಖಾಲಿ ಗಾಡಿ ಸಿಗುವುದಿಲ್ಲ. ಸಂಜೆಯವರೆಗೆ ಕಾದು ಕೊನೆಗೆ ಒಬ್ಬ ರೈತರ ಲಾರಿಯಲ್ಲಿ, ತೊಗರಿ ಚೀಲಗಳ ಮೇಲೆ ಬೋರಲಾಗಿ ಮಲಗಿ, ನಮ್ಮ ದೋಣಿ ಕಲಬುರಗಿಯ ಅಡತಿಗೆ ಬಂದಿಳಿಯಿತು.