ಮೇಷ್ಟ್ರು ನೆಟ್ಟ ಒಂದು ಮೀಟರ್ ಸರಳು

ಚಿತ್ರದುರ್ಗದ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ಓದುತ್ತಿದ್ದಾಗ, ನಮ್ಮ ವಿಜ್ಞಾನದ ಮೇಷ್ಟ್ರು ಊಟದ ಬಿಡುವಿನಲ್ಲಿ ಒಂದು ಸಂಘ ನಡೆಸುತ್ತಿದ್ದರು. ಮೈದಾನದ ಮೂಲೆಯಲ್ಲಿ ರಸಮಟ್ಟ ಇಟ್ಟು ಸಮ ಮಾಡಿದ ಸಿಮೆಂಟ್ ಕಟ್ಟೆ, ಅದರ ನಡುವೆ ನೆಟ್ಟ ಒಂದು ಮೀಟರ್ ಎತ್ತರದ ಕಬ್ಬಿಣದ ಸರಳು, ರಟ್ಟಿನ ಹೊದಿಕೆಯ ಒಂದು ದಪ್ಪ ನೋಟ್‌ಬುಕ್ಕು, ಇವಿಷ್ಟೇ ಅದರ ಆಸ್ತಿ. ಹನ್ನೆರಡಕ್ಕೆ ಗಂಟೆ ಹೊಡೆದೊಡನೆ ಬುತ್ತಿ ಹಿಡಿದು ಅಲ್ಲಿಗೆ ಓಡುತ್ತಿದ್ದ ನಮ್ಮನ್ನು ಉಳಿದವರು ‘ನೆರಳಿನವರು’ ಎಂದೇ ಕರೆಯುತ್ತಿದ್ದರು.

ನಮ್ಮ ಕೆಲಸ ಬಹಳ ಸರಳವಾಗಿತ್ತು. ಎರಡು ನಿಮಿಷಕ್ಕೊಮ್ಮೆ ಸರಳಿನ ನೆರಳಿನ ತುದಿಗೆ ಸೀಮೆಸುಣ್ಣದಿಂದ ಚುಕ್ಕಿ ಇಟ್ಟು, ನೆರಳು ಅತ್ಯಂತ ಗಿಡ್ಡವಾದ ಹೊತ್ತನ್ನೂ ಅದರ ಉದ್ದವನ್ನೂ ನೋಟ್‌ಬುಕ್ಕಿನಲ್ಲಿ ಬರೆಯಬೇಕಿತ್ತು. ಹನ್ನೆರಡಕ್ಕೆ ಸೂರ್ಯ ನೆತ್ತಿಗೆ ಬರುತ್ತಾನೆಂದು ನಂಬಿದ್ದ ನಮಗೆ ಮೊದಲ ವಾರದಲ್ಲೇ ಗೊಂದಲ ಶುರುವಾಯಿತು, ಏಕೆಂದರೆ ಹನ್ನೆರಡು ದಾಟಿದ ಮೇಲೂ ನೆರಳು ಕುಗ್ಗುತ್ತಲೇ ಇತ್ತು. ಮೇಷ್ಟ್ರು ಕಾರಣ ಹೇಳಲಿಲ್ಲ. “ಗಡಿಯಾರ ನಂಬಬ್ಯಾಡ್ರಿ, ನೆರಳು ಏನಂತತಿ ಅದನ್ನ ಬರೀರಿ” ಎಂದಷ್ಟೇ ಹೇಳಿ ತಮ್ಮ ಡಬ್ಬಿ ಬಿಚ್ಚಿದರು. ನವೆಂಬರ್ ಮೊದಲ ವಾರದಲ್ಲಿ 12 ಗಂಟೆ 8 ನಿಮಿಷಕ್ಕೇ ಗಿಡ್ಡವಾಗುತ್ತಿದ್ದ ನೆರಳು ಫೆಬ್ರುವರಿ ನಡುವಿನ ಹೊತ್ತಿಗೆ 12 ಗಂಟೆ 38 ನಿಮಿಷದವರೆಗೆ ಕಾಯಿಸುತ್ತಿತ್ತು. ಇಷ್ಟೆಲ್ಲ ಅಂಕಿ ಕೈಗೆ ಬಂದ ಮೇಲೆಯೇ ಅವರು ಭೂಪಟ ತಂದು ಹರಡಿದ್ದು. ಭಾರತದ ಗಡಿಯಾರಗಳೆಲ್ಲ 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ ನಡೆಯುತ್ತವೆ; ದುರ್ಗ ಅದಕ್ಕಿಂತ ಆರು ಡಿಗ್ರಿ ಪಶ್ಚಿಮಕ್ಕಿದೆ; ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮೂರಿನ ನಿಜವಾದ ನಡುಹಗಲು ಸರಾಸರಿ 24 ನಿಮಿಷ ತಡ. ಅದರ ಮೇಲೆ ಭೂಮಿಯ ಅಕ್ಷದ ಓರೆ ಮತ್ತು ಅದರ ಕಕ್ಷೆಯ ದೀರ್ಘವೃತ್ತ ಎರಡೂ ಸೇರಿ ವರ್ಷದುದ್ದಕ್ಕೂ ಆ ಹೊತ್ತನ್ನು ಹಿಂದೆ ಮುಂದೆ ತಳ್ಳುತ್ತಿರುತ್ತವೆ. ಪಾಠ ಮೊದಲಾಗಿ ಪ್ರಯೋಗ ಆಮೇಲೆ ಬರುವುದನ್ನೇ ಕಂಡಿದ್ದ ನನಗೆ ಈ ಕ್ರಮ ಹೊಸದಾಗಿತ್ತು. ಉತ್ತರ ಸಿಗುವ ಹೊತ್ತಿಗೆ ಪ್ರಶ್ನೆ ನಮ್ಮದೇ ಆಗಿಬಿಟ್ಟಿರುತ್ತಿತ್ತು.

1995ರ ಆಗಸ್ಟ್ 15ರಂದು ಧ್ವಜಾರೋಹಣ ಮುಗಿದು, ಸಿಹಿ ತಿಂದು ಎಲ್ಲರೂ ಮನೆಗೆ ಹೋದ ಮೇಲೂ ನಾವು ಧ್ವಜಕಂಬದ ಸುತ್ತ ಕುಳಿತಿದ್ದೆವು. ದುರ್ಗದ ಅಕ್ಷಾಂಶದಲ್ಲಿ ಸೂರ್ಯ ವರ್ಷಕ್ಕೆರಡು ಬಾರಿ ನೇರ ನೆತ್ತಿಯ ಮೇಲೆ ಬರುತ್ತಾನೆ. ಏಪ್ರಿಲ್ ಕೊನೆಯಲ್ಲಿ ಬರುವಾಗ ಶಾಲೆಗೆ ಬೇಸಿಗೆ ರಜೆ. ಎರಡನೆಯ ಬಾರಿ ಬರುವುದು ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲೇ. ಗಾಳಿಗೆ ಮೋಡಗಳು ಓಡುತ್ತಿದ್ದವು, ಬಿಸಿಲು ಬಂದು ಬಂದು ಹೋಗುತ್ತಿತ್ತು. 12 ಗಂಟೆ 29 ನಿಮಿಷದ ಹೊತ್ತಿಗೆ ಬಿದ್ದ ಒಳ್ಳೆಯ ಬಿಸಿಲಿನಲ್ಲಿ ಅಷ್ಟೆತ್ತರದ ಕಂಬದ ನೆರಳು ಅದರ ಬುಡದಲ್ಲೇ ಅಡಗಿಹೋಗಿತ್ತು, ಕಟ್ಟೆಯ ಮೇಲೆ ಧ್ವಜದ ನೆರಳೊಂದೇ ಅಲುಗಾಡುತ್ತಿತ್ತು. ನಮ್ಮ ಜೊತೆಗಿದ್ದ ಶಾಲೆಯ ಜವಾನರು ಬುಡವನ್ನು ಒಂದು ಸುತ್ತು ಹಾಕಿ ನೋಡಿ, ಇಷ್ಟು ವರ್ಷ ಇದೇ ಕಂಬಕ್ಕೆ ಹಗ್ಗ ಕಟ್ಟಿದ್ದೇನೆ, ಇದನ್ನು ನೋಡೇ ಇರಲಿಲ್ಲ ಎಂದರು.

ಅದೇ ವರ್ಷ ಅಕ್ಟೋಬರ್ 24ರಂದು, ದೀಪಾವಳಿಯ ಅಮಾವಾಸ್ಯೆಯ ಬೆಳಗ್ಗೆ, ಸೂರ್ಯಗ್ರಹಣವಾಯಿತು. ಖಗ್ರಾಸ ಕಂಡದ್ದು ರಾಜಸ್ಥಾನದಿಂದ ಬಂಗಾಳದವರೆಗಿನ ಕಿರಿದಾದ ಪಟ್ಟಿಯಲ್ಲಿ ಮಾತ್ರ, ನಮ್ಮಲ್ಲಿ ಪಾರ್ಶ್ವಗ್ರಹಣ. 1980ರ ಫೆಬ್ರುವರಿ 16ರ ಪೂರ್ಣ ಗ್ರಹಣದ ದಿನ ಹುಬ್ಬಳ್ಳಿಯ ಬೀದಿಗಳಲ್ಲಿ ನರಪಿಳ್ಳೆಯೂ ಇರಲಿಲ್ಲವೆಂದು ಆಗ ಅಲ್ಲೇ ಓದುತ್ತಿದ್ದ ಮೇಷ್ಟ್ರು ಆಗಾಗ ನೊಂದುಕೊಂಡು ಹೇಳುತ್ತಿದ್ದರು. ಆದ್ದರಿಂದ ಹಿಂದಿನ ವಾರವೇ ಮನೆಮನೆಗೆ ಹೋಗಿ, ಸೂರ್ಯನನ್ನು ನೇರವಾಗಿ ನೋಡಿಸುವುದಿಲ್ಲ ಎಂದು ತಂದೆತಾಯಂದಿರಿಗೆ ಮಾತು ಕೊಟ್ಟು, ವಿಶೇಷವಾಗಿ ಹೆಣ್ಣುಮಕ್ಕಳನ್ನು ಕಳಿಸಿಕೊಡುವಂತೆ ಕೇಳಿಕೊಂಡರು. ಬೇವಿನ ಮರದಡಿ ಅವರ ಬಿಳಿ ಪಂಚೆ ಹಾಸಿದೆವು. ಎಲೆಗಳ ಸಂದಿನಿಂದ ಬಿದ್ದ ಬೆಳಕಿನ ಚುಕ್ಕೆಗಳೆಲ್ಲ ಕುಡುಗೋಲಿನ ಆಕಾರ ತಾಳಿದ್ದವು. ಮೇಷ್ಟ್ರು ಮಂಡಕ್ಕಿ ಹಂಚಿದರು. ಮೊದಲು ತಾವೇ ಬಾಯಿಗೆ ಹಾಕಿಕೊಂಡರು.

ಆದರೆ ಆ ಸಂಘದ ದೊಡ್ಡ ಕೆಲಸ ಡಿಸೆಂಬರ್ 22ರದು. ಬೀದರಿನಲ್ಲಿ ಪಾಠ ಮಾಡುತ್ತಿದ್ದ ತಮ್ಮ ಸ್ನೇಹಿತರಿಗೆ ಮೇಷ್ಟ್ರು 15 ಪೈಸೆಯ ಕಾರ್ಡು ಬರೆದು, ಅದೇ ದಿನ ಅಲ್ಲಿಯ ಮಕ್ಕಳೂ ಒಂದು ಮೀಟರ್ ಕೋಲಿನ ನಡುಹಗಲಿನ ನೆರಳನ್ನು ಅಳೆಯುವ ಏರ್ಪಾಡು ಮಾಡಿದ್ದರು. ನಮ್ಮಲ್ಲಿ 77 ಸೆಂಟಿಮೀಟರ್ ಬಂತು. ವಾರ ಕಳೆದು ಬಂದ ಉತ್ತರದಲ್ಲಿ ಬೀದರಿನ ಅಳತೆ 88 ಎಂದಿತ್ತು. ಹನ್ನೊಂದು ಸೆಂಟಿಮೀಟರಿನ ಆ ವ್ಯತ್ಯಾಸದಲ್ಲಿ ಭೂಮಿಯ ಸುತ್ತಳತೆ ಅಡಗಿದೆ ಎಂದಾಗ ನಾವು ಯಾರೂ ನಂಬಲಿಲ್ಲ. ಕೋಲು ಮತ್ತು ನೆರಳಿನಿಂದಾಗುವ ಎರಡೂ ಊರಿನ ತ್ರಿಕೋನಗಳನ್ನು ಗ್ರಾಫ್ ಹಾಳೆಯಲ್ಲಿ ಬರೆದು, ಕೋನಮಾಪಕ ಇಟ್ಟು ನೋಡಿದರೆ ಕೋನಗಳ ಅಂತರ ಮೂರೂಮುಕ್ಕಾಲು ಡಿಗ್ರಿ. ಭೂಪಟದ ಮೇಲೆ ದಕ್ಷಿಣೋತ್ತರ ದೂರ ಸುಮಾರು 410 ಕಿಲೋಮೀಟರ್. ಭೂಮಿಯ ದುಂಡಿನ ಮೇಲೆ ಅಷ್ಟು ದೂರಕ್ಕೆ ಅಷ್ಟು ಕೋನ; ಪೂರ್ತಿ ವೃತ್ತದ 360 ಡಿಗ್ರಿಯಲ್ಲಿ ಮೂರೂಮುಕ್ಕಾಲು 96 ಸಲ ಹೋಗುತ್ತದೆ. 96ನ್ನು 410ರಿಂದ ಗುಣಿಸಿದರೆ 39,360 ಕಿಲೋಮೀಟರ್. ಪಠ್ಯಪುಸ್ತಕದಲ್ಲಿ 40,000 ಎಂದಿದೆ, ಅದನ್ನೇ ಬರೆದುಬಿಡೋಣ ಎಂದು ನಮ್ಮಲ್ಲೊಬ್ಬ ಹೇಳಿದ. ಮೇಷ್ಟ್ರು ಒಪ್ಪಲಿಲ್ಲ. “ಪುಸ್ತಕದ್ದು ಪುಸ್ತಕದಾಗಿರ್ಲಿ. ನೀವು ಅಳದಿದ್ದು ಇದು” ಎಂದರು. ಗೋಡೆಪತ್ರಿಕೆಯಲ್ಲಿ 39,360 ಎಂದೇ ದಪ್ಪಕ್ಷರದಲ್ಲಿ ಬರೆದೆವು, ಕೆಳಗೆ ಬೀದರಿನ ಮಕ್ಕಳನ್ನೂ ಸೇರಿಸಿ ಅಳೆದವರೆಲ್ಲರ ಹೆಸರು ಹಾಕಿದೆವು. ನನ್ನ ಹೆಸರು ಅಷ್ಟು ಹೆಮ್ಮೆಯಿಂದ ಇನ್ನೆಲ್ಲೂ ಬರೆದಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಅವರಿಗೆ ಬೇರೆ ತಾಲ್ಲೂಕಿಗೆ ವರ್ಗವಾಯಿತು. ನೋಟ್‌ಬುಕ್ಕನ್ನು ನಮ್ಮ ಕೈಗೇ ಕೊಟ್ಟು ಹೋದರು. ಹತ್ತನೆಯ ತರಗತಿಯ ಓದಿನ ನಡುವೆಯೂ ನಾವು ಅಳತೆ ಬಿಡಲಿಲ್ಲ. ಜೂನ್ ತಿಂಗಳ ಅಂಕಿಗಳನ್ನೆಲ್ಲ ಒಂದು ಕಾರ್ಡಿನಲ್ಲಿ ಒತ್ತೊತ್ತಾಗಿ ಬರೆದು ಅವರಿಗೆ ಕಳಿಸಿದೆವು. ಮರುಟಪಾಲಿಗೇ ಉತ್ತರ ಬಂತು. ಹೊಗಳಿಕೆ ಒಂದು ಸಾಲು. ಉಳಿದದ್ದೆಲ್ಲ ಪ್ರಶ್ನೆಗಳು: ಮಳೆಗೆ ಕಟ್ಟೆ ಕುಸಿದಿಲ್ಲ ತಾನೆ, ದಾರಕ್ಕೆ ಕಲ್ಲು ಕಟ್ಟಿ ಸರಳು ನೆಟ್ಟಗಿದೆಯೇ ಎಂದು ನೋಡಿದಿರಾ, ಎಂಟನೆಯ ತರಗತಿಯಿಂದ ಯಾರು ಯಾರು ಸೇರಿದ್ದಾರೆ?